ಜಾಮ್ ಆದ ಬ್ರೇಕ್ ಪಿಸ್ಟನ್ ಬಿಡಿಸಲು: ಗಾಳಿಯೋ, ಲಿವರ್ರೋ, ಗ್ರೀಸ್ ಗನ್ನೋ?

ಮಳೆಗಾಲವಿಡೀ ಕೊಟ್ಟಿಗೆ ಪಕ್ಕ ನಿಂತ ಹಳೇ ಬೈಕುಗಳಿಗೆ ನಮ್ಮ ಮಲೆನಾಡಲ್ಲಿ ಇದು ಮಾಮೂಲಿ ಕಾಯಿಲೆ. ಡಿಸ್ಕ್ ಬ್ರೇಕ್ ಹಿಡಿದುಕೊಂಡುಬಿಟ್ಟಿರುತ್ತದೆ, ಮುಂದಿನ ಚಕ್ರ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ನನ್ನ ಬೈಕು, ಭಾವನ ಬೈಕು ಎರಡರಲ್ಲೂ ಇದರ ಜೊತೆ ಗುದ್ದಾಡಿದ್ದೇನೆ.

ಮೊದಲು ಕ್ಯಾಲಿಪರ್ (ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕಿನ ಭಾಗ) ಮೇಲಿರುವ ಬ್ಲೀಡ್ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ, ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್‌ನದು ತಪ್ಪಿಲ್ಲ. ಹೋಸ್ ಒಳಗೇ ಊದಿಕೊಂಡಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನ (ಲಿವರ್ ಪಕ್ಕದಲ್ಲಿ ಆಯಿಲ್ ತಳ್ಳುವ ಪಂಪು) ಸಣ್ಣ ತೂತು ಕಟ್ಟಿರಬೇಕು.

ಪಿಸ್ಟನ್ನೇ ಜಾಮ್ ಆಗಿದೆ ಅಂದರೆ ಯಾರನ್ನು ಕೇಳಿದರೂ ಬರುವ ಸಲಹೆ ಒಂದೇ, ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿ. ಖರ್ಚಿಲ್ಲ, ನಿಜ. ಆದರೆ 120 ಪಿಎಸ್‌ಐ ಗಾಳಿ 30 ಮಿ.ಮೀ. ಪಿಸ್ಟನ್ ಮೇಲೆ ಹಾಕುವ ಬಲ ಸುಮಾರು 60 ಕೆ.ಜಿ. ಮಾತ್ರ. ಗಟ್ಟಿ ತುಕ್ಕಿಗೆ ಅದು ಸಾಲದು. ಬಿಟ್ಟುಕೊಂಡರೋ, ಅದುಮಿಟ್ಟ ಗಾಳಿ ಒಮ್ಮೆಲೇ ಹಿಗ್ಗಿ ಪಿಸ್ಟನ್ ಗುಂಡಿನ ಹಾಗೆ ಹಾರುತ್ತದೆ. ಎದುರಿಗೆ ಮರದ ತುಂಡು ಇಡದೆ, ಅಲ್ಲಿ ಬೆರಳಿಟ್ಟುಕೊಂಡು ಈ ಕೆಲಸ ಮಾಡುವವರನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ನನ್ನ ಓಟು ಬೈಕಿನದೇ ಬ್ರೇಕ್ ಲಿವರ್‌ಗೆ. ಕೈ 20 ಕೆ.ಜಿ.ಯಷ್ಟು ಹಿಚುಕಿ, ಲಿವರ್ ಅದನ್ನು ಐದು ಪಟ್ಟು ಮಾಡಿ ಅರ್ಧ ಇಂಚಿನ ಮಾಸ್ಟರ್ ಸಿಲಿಂಡರಿಗೆ ದಾಟಿಸಿದರೆ, ಅದೇ ಪಿಸ್ಟನ್ ಮೇಲೆ ಅರ್ಧ ಟನ್ನಿಗೂ ಹೆಚ್ಚು ಬಲ ಬೀಳುತ್ತದೆ. ಆಯಿಲ್ ಗಾಳಿಯಂತೆ ಕುಗ್ಗಿ ಹಿಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಹಾರುವುದಿಲ್ಲ, ಇಷ್ಟಿಷ್ಟೇ ಹೊರಗೆ ಬರುತ್ತದೆ. ಹೋಸ್ ಬಿಚ್ಚುವ ಮೊದಲೇ ಇದನ್ನು ಮಾಡಬೇಕು. ಕ್ಯಾಲಿಪರ್ ಡಿಸ್ಕಿನಿಂದ ತೆಗೆದು, ಪ್ಯಾಡ್ ಕಳಚಿ, ಮೇಲೆ ಆಯಿಲ್ ತುಂಬಿಸುತ್ತಾ ಪಂಪ್ ಮಾಡಿ. ಎರಡು ಪಿಸ್ಟನ್ ಇದ್ದರೆ ಸಲೀಸಾದದ್ದು ಮೊದಲು ಓಡಿಬರುತ್ತದೆ. ಅದನ್ನು ಜಿ-ಕ್ಲ್ಯಾಂಪಿನಲ್ಲಿ ಒತ್ತಿ ಹಿಡಿದರೆ ಮೊಂಡನ ಸರದಿ. ಟ್ಯಾಂಕಿನ ಮೇಲೆ ಬಟ್ಟೆ ಹೊದೆಸಿ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ.

ಮಾಸ್ಟರ್ ಸಿಲಿಂಡರೇ ಸತ್ತಿದ್ದರೆ? ಭಾವನ ಬೈಕಿನದು ಅದೇ ಕಥೆ. ಅಲ್ಲಿ ಗೆದ್ದದ್ದು ಗ್ರೀಸ್ ಗನ್. ಹೋಸ್ ಕೂರುವ ತೂತಿಗೆ ಗ್ರೀಸ್ ನಿಪ್ಪಲ್ ನೇರ ಕೂರಲಿಲ್ಲ, ಶಿವಮೊಗ್ಗದಲ್ಲಿ ಲೇತ್ ಅಂಗಡಿಯವರಿಂದ ಅಡಾಪ್ಟರ್ ಮಾಡಿಸಬೇಕಾಯಿತು. ಬ್ಲೀಡ್ ನಿಪ್ಪಲ್ ಬಿಗಿ ಮಾಡಿ ಒತ್ತಿದರೆ ಸಾವಿರಾರು ಪಿಎಸ್‌ಐ, ಅಲ್ಲಾಡದ್ದೂ ಅಲ್ಲಾಡುತ್ತದೆ. ಆಮೇಲಿನ ಪಾಡು ಮಾತ್ರ ಬೇಡ: ಮೂಲೆಮೂಲೆಯಲ್ಲಿ ಗ್ರೀಸ್. ಅದು ಬ್ರೇಕಿನ ರಬ್ಬರನ್ನು ಉಬ್ಬಿಸುವುದರಿಂದ ಹಳೇ ಸೀಲ್ ಕಣ್ಣುಮುಚ್ಚಿ ಎಸೆಯಬೇಕು, ಆಯಿಲ್ ದಾರಿಯನ್ನೆಲ್ಲ ತೊಳೆಯಬೇಕು.

ಗ್ರಿಪ್ ಪ್ಲೈಯರ್ ಹಾಕಿ ಎಳೆಯುವುದು ಪಿಸ್ಟನ್ ಗುಜರಿಗೆ ಅಂತ ನಿರ್ಧಾರವಾದ ಮೇಲೆ. ಕ್ರೋಮ್ ಮೇಲೆ ಒಂದು ಗೀರು ಬಿದ್ದರೂ ಆಯಿಲ್ ಸೋರುತ್ತದೆ.

ಹೇಗೇ ಹೊರಬರಲಿ, ಅಸಲಿ ಕಳ್ಳ ಕೂತಿರುವುದು ಸೀಲ್ ಕೂರುವ ತೋಡಿನಲ್ಲಿ. ತೇವ ಹೀರಿದ ಹಳೇ ಆಯಿಲ್‌ನಿಂದ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿ ಸೀಲನ್ನು ಪಿಸ್ಟನ್ನಿಗೆ ಒತ್ತಿರುತ್ತದೆ. ಅದನ್ನು ಕೆರೆದು ತೆಗೆಯದೆ ಹೊಸ ಕಿಟ್ ಹಾಕಿದರೆ ಬ್ರೇಕ್ ಮತ್ತೆ ಹಿಡಿದುಕೊಳ್ಳುತ್ತದೆ. ಪಿಸ್ಟನ್ ಮೇಲೆ ಉಗುರಿಗೆ ಸಿಗುವಷ್ಟು ಗುಳಿ ಇದ್ದರೆ ಎಮೆರಿ ಪೇಪರ್ ಹಿಡಿದು ಕೂರಬೇಡಿ, ಹೊಸದು ತನ್ನಿ.