ವಾಕಿಂಗ್ ಗುಂಪೋ, ಯೋಗ ಕ್ಲಾಸೋ?

ಮುಂಬೈಯ ನಮ್ಮ ಕನ್ನಡ ಸಂಘಗಳಲ್ಲಿ ಆರೋಗ್ಯಕ್ಕೆ ಏನಾದರೂ ಶುರು ಮಾಡೋಣ ಅಂದಾಗ ಈ ಎರಡೇ ಮುಂದೆ ಬರುತ್ತವೆ.

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಲೆಕ್ಕ ತುಂಬಿಸಲು ವಾಕಿಂಗ್ ಸುಲಭ. ಶಿವಾಜಿ ಪಾರ್ಕಿನ ಕಟ್ಟೆಗೆ ಒಂದು ಸುತ್ತು ಹಾಕಿದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಖರ್ಚೂ ಇಲ್ಲ. ಒಂದು ದಿನ ತಪ್ಪಿಸಿದರೆ ಮರುದಿನ "ನಿನ್ನೆ ಯಾಕೆ ಬರ್ಲಿಲ್ಲ?" ಅಂತ ಕೇಳುವವರಿರುತ್ತಾರೆ. ಗುಂಪು ಉಳಿಯುವುದೇ ಅದರಿಂದ, ಅಲ್ವಾ? ನಮ್ಮ ಗುಂಪಿನ ಅಜ್ಜಿಯೊಬ್ಬರು ಸೀರೆ ಮೇಲೆತ್ತಿ ಸಿಕ್ಕಿಸಿ, ಮೊಮ್ಮಗನ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡೇ ಬರುತ್ತಾರೆ. ಜೂನ್ ಬಂದರೆ ಮಾತ್ರ ಕಷ್ಟ. ಮಳೆ, ಜಾರುವ ಫುಟ್‌ಪಾತ್.

ಯೋಗಕ್ಕೆ ಮಳೆಯ ಚಿಂತೆಯಿಲ್ಲ. ಆದರೆ ಹಾಲ್ ಬೇಕು, ಚೆನ್ನಾಗಿ ಕಲಿಸುವವರು ಬೇಕು. ನಿಧಾನದ ಆಸನಗಳಲ್ಲಿ ಎದೆಬಡಿತ ಅಷ್ಟು ಏರುವುದಿಲ್ಲ, ಹಾಗಾಗಿ ಆ 150 ನಿಮಿಷದ ಲೆಕ್ಕ ಅದರಿಂದ ತುಂಬುವುದು ಕಷ್ಟ. ಆದರೆ 65 ದಾಟಿದವರಿಗೆ ಸಮತೋಲನದ ವ್ಯಾಯಾಮ ವಾರಕ್ಕೆ 3 ದಿನವಾದರೂ ಬೇಕು. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ವಾಕಿಂಗ್‌ನಿಂದಲೇ ಶುರು ಮಾಡಿ. ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರ ಯೋಗಕ್ಕೆ ಹಾಲ್ ಕೇಳಿ.