ಮಳಿ ವಿಮಾ ತುಂಬೋರು ಮೊದ್ಲ ಇದನ್ನ ಓದ್ರಿ, ನನ್ನಂಗ ಬಕರಾ ಆಗಬ್ಯಾಡ್ರಿ

ಬರೀಲೋ ಬ್ಯಾಡೋ ಅಂತ ಭಾಳ ದಿನ ತಡದೆ, ಯಾಕಂದ್ರ ಇದ್ರಾಗ ಮರ್ಯಾದಿ ಹೋಗಿದ್ದು ನಂದ. ಆದ್ರ ಮತ್ತ ಜೂನ್ ಬಂತು, ಊರಿಂದ ಫೋನ್ ಚಾಲೂ ಆದ್ವು, "ಈ ಸಲ ವಿಮಾ ತುಂಬೂಣೇನೋ?" ಅಂತ. ಅದಕ್ಕ ಬರ್ಯಾಕತ್ತೀನಿ.

ನಾ ಇರೋದು ಪುಣೇದಾಗ, ಹಡಪ್ಸರ್ ಕಡಿ. ಊರು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲಾದ ಜತ್ತ ತಾಲೂಕ, ಅಲ್ಲೆ ಎರಡೂವರಿ ಎಕರೆ ದಾಳಿಂಬ್ರಿ, ಅಪ್ಪ ನೋಡ್ಕೋತಾರ. ನಮ್ಮ ಕಡಿ ಮಳಿ ಹೆಂಗ ಅಂತ ಜತ್ತ, ಅಕ್ಕಲಕೋಟ, ಮಂಗಳವೇಡಾ ಮಂದಿಗೆ ಹೇಳೋದ ಬ್ಯಾಡ. 2023ರಾಗ ಮೃಗ ಬಹಾರ, ಅಂದ್ರ ಮಳಿಗಾಲದ ಹೂವಿನ ಬೆಳಿ, ಹಿಡದಿದ್ವಿ, ಹವಾಮಾನ ಆಧಾರಿತ ಹಣ್ಣಿನ ಬೆಳಿ ವಿಮಾನೂ ತುಂಬಿದ್ವಿ. ವಿಮಾ ಮೊತ್ತದ ನೂರಕ್ಕ 5 ರೂಪಾಯಿ ಕಂತು ನಮ್ಮ ಪಾಲು, ಉಳಿದ ಕಂತು ಕೇಂದ್ರ, ರಾಜ್ಯ ಸರ್ಕಾರ ವಿಮಾ ಕಂಪನಿಗೆ ಕೊಡ್ತಾವು. ನಾನ ಮುಂದ ನಿಂತು ಮಾವನ ಕಡಿಂದ ತುಂಬಿಸ್ದೆ, ಬಾಜೂ ಹೊಲದ ಕಾಕಾನ ಕಡಿಂದನೂ ತುಂಬಿಸ್ದೆ. ಇಂಜಿನಿಯರ್ ಅಲ್ರಿ ನಾ, ನನಗ ಎಲ್ಲಾ ತಿಳೀತೈತಿ ಅಂತ.

ಫಾರ್ಮ್ ತುಂಬೋ ಸೆಂಟರ್‌ದವ ನಮ್ಮೂರ ಕಡಿಯವನ, ಅಪ್ಪಗ ಕಾಕಾ ಕಾಕಾ ಅಂತಾನ. ಅವ ಅಂದಿದ್ದು ಇದು, ಶಬ್ದಕ್ಕ ಶಬ್ದ ನೆನಪೈತಿ: "ಕಾಕಾ, ಮಳಿ ಕೈ ಕೊಟ್ರ ರೊಕ್ಕ ಗ್ಯಾರಂಟಿ. ಹೂ ಉದುರಿದ ಕೂಡ್ಲೆ 72 ತಾಸಿನೊಳಗ ಫೋಟೋ ಹೊಡದು ತಿಳಸ್ರಿ, ಸಾಹೇಬ್ರು ಬಂದು ನೋಡ್ಕೊಂಡ ಹೋಗ್ತಾರ." ನಾ ವಿಡಿಯೋ ಕಾಲ್‌ದಾಗ ಇದ್ದೆ, ಹೂಂ ಅಂದೆ. ಸಾತ್‌ಬಾರಾ (ಹೊಲದ ಉತಾರ), ಪಾಸ್‌ಬುಕ್, ಆಧಾರ್ ಎಲ್ಲಾ ಕೊಟ್ವಿ, ಮ್ಯಾಲ ಅವಂಗ ಇನ್ನೂರು ರೂಪಾಯಿ "ಖರ್ಚಿಗೆ". ಹಿಂತಾ ಫಾರ್ಮಿಗೆ ಸೆಂಟರ್‌ದವರಿಗೆ ಕಂಪನಿನ ರೊಕ್ಕ ಕೊಡ್ತದ, ರೈತರ ಕಡಿಂದ ತಗೋಬಾರ್ದು ಅನ್ನೋದು ಆಮ್ಯಾಲ ಗೊತ್ತಾತು.

ಆಗಸ್ಟ್ ಬಂತು. ಆ ಆಗಸ್ಟ್ ನೆನಪೈತಲ್ರಿ? 1901ರಿಂದ ಲೆಕ್ಕ ಇಟ್ಟಾಗಿಂದ ದೇಶದಾಗ ಅಷ್ಟು ಒಣಾ ಆಗಸ್ಟ್ ಬಂದಿಲ್ಲ ಅಂತ ಹವಾಮಾನ ಇಲಾಖೆನ ಹೇಳ್ತು, ವಾಡಿಕಿಗಿಂತ 36 ಪರ್ಸೆಂಟ್ ಕಡಿಮಿ. ಟ್ಯಾಂಕರ್ ತರಿಸಿ ಹಾಕಿದ್ವಿ, ಎಷ್ಟಂತ ಹಾಕೋದು? ಒಂದ ಮುಂಜಾನೆ ಅಪ್ಪ ಫೋಟೋ ಕಳಿಸಿದ್ರು, ಗಿಡದ ಬುಡಕ್ಕ ಕೆಂಪು ಕೆಂಪು ಹೂ, ಯಾರೋ ಕುಂಕುಮ ಚೆಲ್ಲಿದಂಗ. ನಾ ಆಫೀಸಿಂದನ ಟೋಲ್ ಫ್ರೀಗೆ ಹಚ್ಚಿದೆ, 72 ತಾಸು ಮೀರಬಾರ್ದಲ್ಲ ಅಂತ. ಮೂರನೇ ಸಲಕ್ಕ ಹತ್ತಿತು. ಹುಡುಗಿ ಭಾಳ ಸಮಾಧಾನದಿಂದ ಅಂದ್ಳು: "ಸರ್, ಇಸ್ ಯೋಜನಾ ಮೇ ಸರ್ವೇ ನಹೀ ಹೋತಾ."

ಸರ್ವೇನ ಇಲ್ಲ! ಆ 72 ತಾಸು, ಫೋಟೋ, ಸಾಹೇಬ್ರು ಬರೋದು, ಅದೆಲ್ಲಾ ಬ್ಯಾರೆ ಯೋಜನಾದು, ಆ ವರ್ಷ ಒಂದು ರೂಪಾಯಿಗೆ ತುಂಬ್ಸಿಕೊಂಡ್ರಲ್ಲ, ಸಜ್ಜಿ, ತೊಗರಿ, ಮೆಕ್ಕಿಜೋಳಕ್ಕ, ಅದ್ರದು. ನಮ್ಮ ಹಣ್ಣಿನ ವಿಮಾದಾಗ ಹೊಲಕ್ಕ ಯಾರೂ ಕಾಲಿಡಂಗಿಲ್ಲ. ಮಂಡಳ, ಅಂದ್ರ ಕೆಲವು ಹಳ್ಳಿ ಸೇರಿದ ಕಂದಾಯ ವಲಯ, ಅದ್ರಾಗ ಒಂದು ಮಳಿಮಾಪಕ ಇರ್ತೈತಿ, ಅದು ಏನು ಬರೀತೈತೋ ಅದ ಖರೆ. ನಿಮ್ಮ ಗಿಡ ಸತ್ರೂ ಅಷ್ಟ, ಬದುಕಿದ್ರೂ ಅಷ್ಟ.

ಆದ್ರೂ ಧೈರ್ಯ ಇತ್ತು. ಹಿಂತಾ ಬರಗಾಲದಾಗ ಮಷೀನ್ ಆದ್ರೂ ಏನು ಬರ್ದೀತು, ಸೊನ್ನಿನ ಬರ್ದೀತಲ್ಲ ಅಂತ.

ಸೀಸನ್ ಮುಗೀತು, ತಿಂಗಳಗಟ್ಟಲೆ ಕಾದ್ವಿ, ಖಾತೆಕ್ಕ ಒಂದು ಪೈಸಾ ಇಲ್ಲ. ಸುಟ್ಟಿ ಹಾಕಿ ಕಂಪನಿ ಆಫೀಸಿಗೆ ಹೋದೆ, ಸಿಮ್ಲಾ ಆಫೀಸ್ ಸ್ಟಾಪಿಗೆ ಇಳದು. (ಹವಾಮಾನ ಇಲಾಖೆ 1928ರಾಗ ಸಿಮ್ಲಾದಿಂದ ಪುಣೇಕ್ಕ ಬಂತು, ಹೆಸರು ಮಾತ್ರ ಹೋಗಿಲ್ಲ. ಮಳಿ ಲೆಕ್ಕದವರ ಬಾಗಲಾ ದಾಟಿ ಮಳಿ ಲೆಕ್ಕ ಕೇಳಾಕ ಹೊಂಟಿದ್ದೆ ನೋಡ್ರಿ.) ಅಲ್ಲೊಬ್ಬ ಹುಡುಗ ಚಾ ಕುಡ್ಕೋತ ಮಾನಿಟರ್ ನನ್ನ ಕಡಿ ತಿರುಗಿಸ್ದ. ಉದ್ದಕ್ಕ ಸೊನ್ನಿ. 0, 0, 0.4, 0, 0... ನನ್ನ ಎದಿ ಹಗರಾತು. ನಡುವ ಒಂದು ಕಡಿ 3.2. ಅದ್ರ ಮ್ಯಾಲ ಪೆನ್ ಇಟ್ಟು ಅಂದ: "ಡ್ರೈ ಸ್ಪೆಲ್ ಬ್ರೇಕ್ ಹೋ ಗಯಾ ಸರ್. ಟ್ರಿಗರ್ ಹಿಟ್ ನಹೀ ಹುಆ."

ಟ್ರಿಗರ್ ಅಂದ್ರ ರೊಕ್ಕ ಸಿಗಾಕ ಮುಟ್ಟಬೇಕಾದ ಮಿತಿ. ಅದಕ್ಕ ಒಣಾ ದಿನಾ ಒಂದರ ಹಿಂದ ಒಂದು ಕಡೀದಂಗ ಬರಬೇಕು, ನಡುವ ಒಂದ ದಿನ 2.5 ಮಿಲಿಮೀಟರ್ ದಾಟ್ತೋ, ಮತ್ತ ಒಂದರಿಂದ ಎಣಿಕಿ. 3.2 ಮಿಲಿಮೀಟರ್ ರೀ! ಅಪ್ಪಗ ಕೇಳ್ದೆ, "ಅವತ್ತ ಮಳಿ ಬಂದಿತ್ತೇನ್ರಿ?" "ನಮ್ಮಲ್ಲೆ ಧೂಳಾನೂ ಅಡಗಿಲ್ಲೋ ತಮ್ಮಾ." ಮಳಿಮಾಪಕ ಇರೋದು ನಮ್ಮ ಹೊಲದಿಂದ ಹನ್ನೆರಡು ಕಿಲೋಮೀಟರ್ ಆಚೆ. ಊರಿಗೆ ಹೋದಾಗ ನೋಡೇ ಬರೋಣಂತ ಹೋದೆ, ತಂತಿ ಬೇಲಿ, ನಡುವ ಕಂಬ, ಬೇಲಿ ಮ್ಯಾಲ ಯಾರೋ ಧೋತರ ಒಣಗ ಹಾಕಿದ್ರು. ಅದು ನಮ್ಮ ವಿಮಾ. ಇನ್ನೂ ಹೊಟ್ಟಿ ಉರಿಯೋದು ಹೇಳ್ಲೇನು, ನಮ್ಮ ದಾರಿ ಆಚೆ ಬ್ಯಾರೆ ಮಂಡಳ, ಅಲ್ಲೆ ಟ್ರಿಗರ್ ಬಿತ್ತು, ಅವ್ರಿಗೆ ರೊಕ್ಕ ಬಂತು. ಅದ ಬಿಸಲು, ಅದ ಮೋಡ.

ಸೆಂಟರ್‌ದವಂಗ ಫೋನ್ ಮಾಡಿ ಬೈದೆ. ಅವ ಏನಂದ ಗೊತ್ತೇನು? "ಸಾಹೇಬ್ರ, ಪುಣೇದಾಗ ಇರ್ತೀರಿ, ಇಷ್ಟ ಓದೀರಿ, ಕಾಗದ ಓದ್ಲಿಲ್ಲೇನ್ರಿ?" ನನ್ನ ಬಾಯಿಂದ ಮಾತ ಹೊರಡ್ಲಿಲ್ಲ. ಖರೇನ, ನಾ ಓದಿರ್ಲಿಲ್ಲ. ಬರೇ ರಸೀದಿ ಕೊಟ್ಟಿದ್ದ ಅವ, ಟ್ರಿಗರ್ ಕೋಷ್ಟಕ ಕೊಟ್ಟಿರ್ಲಿಲ್ಲ, ಕೇಳೋ ಬುದ್ಧಿ ನನಗೂ ಬರ್ಲಿಲ್ಲ.

ತುಂಬಬ್ಯಾಡ್ರಿ ಅನ್ನಂಗಿಲ್ಲ. ತುಂಬೋ ಮೊದ್ಲ ಕೇಳ್ರಿ: ನಮ್ಮ ಹೊಲಕ್ಕ ಯಾವ ಮಳಿಮಾಪಕ, ಎಲ್ಲಿ ಐತಿ, ಎಷ್ಟ ದಿನ ಒಣಗಿದ್ರ ಎಷ್ಟ ರೊಕ್ಕ. ಕಾಗದದ ಮ್ಯಾಲ ತಗೋರಿ, ಬಾಯಿ ಮಾತು ನಂಬಬ್ಯಾಡ್ರಿ, ಅದೂ ಕಾಕಾ ಅನ್ನೋವಂದು. ತಕರಾರಿಗೆ 14447 ಐತಿ, ಕೃಷಿ ಆಫೀಸಿಗೂ ಬರ್ದು ಕೊಡ್ರಿ. ಮತ್ತ ದಯಮಾಡಿ ಬೀಗರ ಕಡಿಂದ ತುಂಬಸಬ್ಯಾಡ್ರಿ. ಮಾವ ಇವತ್ತಿಗೂ ಲಗ್ನದಾಗ ಸಿಕ್ರ ನಾಲ್ಕು ಮಂದಿ ಮುಂದ ಕೇಳ್ತಾರ, "ಏನಪಾ ಇಂಜಿನಿಯರ್, ಮಳಿ ಎಷ್ಟ ಮಿಲಿಮೀಟರ್ ಆತು?"

ಸೆಂಟರ್‌ದವಂದು ನಿನ್ನೆ ಮುಂಜಾನೆ ಮೆಸೇಜ್ ಬಂದೈತಿ, ಗುಲಾಬಿ ಹೂವಿನ ಚಿತ್ರದ ಕೆಳಗ: "ಶುಭೋದಯ ಸಾಹೇಬ್ರ. ಫಾರ್ಮ್ ಚಾಲೂ ಆಗ್ಯಾವ, ಸಾತ್‌ಬಾರಾ ಕಳಸ್ರಿ."