ಎರವಲು ವೀಲ್‌ಚೇರ್, 14 ತಿಂಗಳ ಬಳಕೆ: ಒಂದು ಫುಟ್‌ರೆಸ್ಟ್ ಇಲ್ಲ, ಅದೇ ಒಳ್ಳೆಯದಾಯಿತು

ಮೊದಲೇ ಹೇಳಿಬಿಡುತ್ತೇನೆ, ಈ ವೀಲ್‌ಚೇರ್ ನಮ್ಮದಲ್ಲ. ಮೈಸೂರಿನ ಒಂದು ಟ್ರಸ್ಟ್‌ನಿಂದ ಎರವಲು ತಂದದ್ದು. 3,000 ರೂಪಾಯಿ ಡಿಪಾಸಿಟ್, ತಿಂಗಳಿಗೆ 150 ರೂಪಾಯಿ. ವಾಪಸ್ ಕೊಟ್ಟ ದಿನ ಡಿಪಾಸಿಟ್ ಹಿಂದಕ್ಕೆ ಬರುತ್ತದೆ. ಹೊಸದಕ್ಕೆ ಅಂಗಡಿಯಲ್ಲಿ 7,500 ಹೇಳಿದ್ದರು. ಇಲ್ಲಿಯವರೆಗೆ ನಾನು ಕಟ್ಟಿರುವ ಬಾಡಿಗೆ 2,100. ದುಡ್ಡಿನ ಲೆಕ್ಕ ಇಷ್ಟೇ. ನಾನು ಬರೆಯಲು ಕೂತದ್ದು ದುಡ್ಡಿಗಲ್ಲ, ಅಳತೆಗೆ.

ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ನಾವು ಹೇಳಿದ್ದು ಅಮ್ಮನಿಗೆ ಪೂರ್ತಿ ತಿಳಿಯುತ್ತಿತ್ತು, ಆದರೆ ಹೇಳಬೇಕಾದ ಮಾತು ಬಾಯಿಗೆ ಬರುತ್ತಿರಲಿಲ್ಲ. "ಅದು... ಅದು..." ಅನ್ನುತ್ತಿದ್ದರು. ನೀರಾ, ಬಾತ್ರೂಮಾ, ಹೊದಿಕೆಯಾ ಅಂತ ನಾವು ಒಂದೊಂದೇ ಕೇಳಬೇಕಿತ್ತು. ತಪ್ಪು ಊಹಿಸಿದಷ್ಟೂ ಅಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು.

ಹೊಸದು ಕೊಳ್ಳಬೇಡಿ, ಮೊದಲ ಕೆಲವು ತಿಂಗಳಲ್ಲಿ ತುಂಬಾ ಬದಲಾವಣೆ ಆಗುತ್ತದೆ ಅಂತ ಡಾಕ್ಟರೇ ಹೇಳಿದರು. ಇವತ್ತು ವೀಲ್‌ಚೇರ್ ಬೇಕು, ಆರು ತಿಂಗಳಿಗೆ ಬರೀ ಕೋಲು ಸಾಕಾಗಬಹುದು. ಸರ್ಕಾರದ್ದೂ ಯೋಜನೆ ಇದೆ. 1981ರಿಂದ ಇರುವ ಎಡಿಪ್ ಯೋಜನೆಯಲ್ಲಿ ಅಂಗವಿಕಲರಿಗೆ ಸಾಧನ ಕೊಡುತ್ತಾರೆ, ಅದರಲ್ಲಿ ಹೆಚ್ಚಿನವು ಕಾನ್ಪುರದ ಅಲಿಮ್ಕೋ ಕಂಪನಿಯವು. ಆದರೆ ಅದಕ್ಕೆ ಕನಿಷ್ಠ 40% ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು, ಕ್ಯಾಂಪ್ ನಡೆಯುವ ತನಕ ಕಾಯಬೇಕು. ಅಲ್ಲಿಯವರೆಗೆ ಅಮ್ಮ ಹಾಸಿಗೆಯಲ್ಲೇ ಇರುವುದಕ್ಕಾಗುತ್ತದಾ? ಹಾಗಾಗಿ ಎರವಲು.

ಟ್ರಸ್ಟ್‌ನಲ್ಲಿ ಕೆಲಸ ಹತ್ತೇ ನಿಮಿಷಕ್ಕೆ ಮುಗಿಯಿತು. ಆಧಾರ್ ಜೆರಾಕ್ಸ್, ಡಾಕ್ಟರ್ ಚೀಟಿ, ಸಹಿ. ಸಾಲಾಗಿ ನಿಲ್ಲಿಸಿದ್ದ ಕುರ್ಚಿಗಳಲ್ಲಿ ಮುಂದಿದ್ದದ್ದನ್ನು ಮಡಚಿ ಆಟೋಗೆ ಹಾಕಿಕೊಟ್ಟರು. ತೊಳೆದು ಒರೆಸಿ ಚೆನ್ನಾಗಿ ಇಟ್ಟಿದ್ದರು. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ದಾರಿಯುದ್ದಕ್ಕೂ ಅದರ ಹಿಡಿಕೆ ಹಿಡಿದುಕೊಂಡೇ ಕೂತಿದ್ದೆ.

ಆ ಸಮಾಧಾನ ಮೂರು ವಾರ ಇತ್ತು.

ಮೊದಲ ದಿನವೇ ಗೊತ್ತಾದದ್ದು ಬಾತ್ರೂಮಿನ ಬಾಗಿಲು. ನಮ್ಮದು ಹಳೇ ಮನೆ, ಆ ಬಾಗಿಲು 24 ಇಂಚು. ಕುರ್ಚಿಯ ಸೀಟು 18 ಇಂಚು, ಗಾಲಿ ಸೇರಿದರೆ ಒಟ್ಟು 25. ಒಂದೇ ಒಂದು ಇಂಚಿಗೆ ಅಮ್ಮನನ್ನು ಬಾಗಿಲಲ್ಲೇ ಎಬ್ಬಿಸಿ, ತಮ್ಮನೂ ನಾನೂ ಹೊತ್ತುಕೊಂಡು ಒಳಗೆ ಹೋಗಬೇಕಿತ್ತು. ದಿನಕ್ಕೆ ಐದಾರು ಸಲ. ತಮ್ಮ ಡ್ಯೂಟಿಗೆ ಹೋದರೆ ನಾನೊಬ್ಬಳೇ.

ಎರಡನೆಯದು ನಿಧಾನಕ್ಕೆ ಕಂಡಿತು. ಅಮ್ಮ ಎತ್ತರದ ಹೆಂಗಸು, ಆದರೆ ಸಪೂರ. ಆ ಸೀಟಿನಲ್ಲಿ ಕೂತರೆ ಎರಡೂ ಪಕ್ಕ ಜಾಗ ಉಳಿಯುತ್ತಿತ್ತು. ಬಲಗಡೆ ಶಕ್ತಿ ಇಲ್ಲದ್ದರಿಂದ ಆ ಕಡೆಗೇ ವಾಲುತ್ತಿದ್ದರು. ರೆಕ್ಸಿನ್ ಬೇರೆ ಹಳತಾಗಿ ಜೋಲಿಯ ಹಾಗೆ ಜಗ್ಗಿತ್ತು. ಪಕ್ಕಕ್ಕೆ ದಿಂಬು ತುರುಕುತ್ತಿದ್ದೆ, ಅರ್ಧ ಗಂಟೆಗೆ ಅದು ಕೆಳಗೆ ಜಾರುತ್ತಿತ್ತು. ಮೂರನೇ ವಾರ ಸ್ನಾನ ಮಾಡಿಸುವಾಗ ಬಲಗಡೆ ಪೃಷ್ಠದ ಮೂಳೆಯ ಮೇಲೆ ಒಂದು ರೂಪಾಯಿ ಅಗಲದ ಕೆಂಪು ಕಲೆ ಕಂಡಿತು. ಬೆರಳಲ್ಲಿ ಒತ್ತಿ ಬಿಟ್ಟೆ. ಬೆಳ್ಳಗಾಗಲಿಲ್ಲ, ಕೆಂಪಗೇ ಇತ್ತು. ಒತ್ತಿದರೂ ಬಣ್ಣ ಬಿಡದ ಕೆಂಪು ಅಂದರೆ ಅದು ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಹುಣ್ಣು, ಶುರುವಾಗುವ ಲಕ್ಷಣ. ಇದು ನನಗೆ ಗೊತ್ತಾದದ್ದು ಮರುದಿನ ಫಿಸಿಯೋಥೆರಪಿ ಹುಡುಗಿ ಮನೆಗೆ ಬಂದಾಗ.

ಅವಳು ಕಲೆ ನೋಡಿದಳು, ಆಮೇಲೆ ಕುರ್ಚಿ ನೋಡಿದಳು. "ಅಕ್ಕಾ, ಅಳತೆ ತೆಗೆದು ತಂದ್ರಾ?" ಅಂತ ಕೇಳಿದಳು.

ನಾನು 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಅಳತೆ ಇಲ್ಲದೆ ಯಾರ ಬಟ್ಟೆಗೂ ಕತ್ತರಿ ಹಾಕಿದವಳಲ್ಲ. ಅವಳು ಆ ಮಾತು ಕೇಳಿದಾಗಲೂ ಟೇಪು ನನ್ನ ಕುತ್ತಿಗೆಯಲ್ಲೇ ಇತ್ತು. ಅಮ್ಮ ದಿನವಿಡೀ ಕೂರುವ ಕುರ್ಚಿಗೆ ಅಳತೆ ಬೇಕು ಅಂತ ಟ್ರಸ್ಟ್‌ನವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆ ಸಂಕಟ ಇನ್ನೂ ಇದೆ.

ಅವಳು ಅದೇ ಟೇಪು ಇಸಕೊಂಡು ಅಳತೆ ತೆಗೆಯುವುದನ್ನು ತೋರಿಸಿಕೊಟ್ಟಳು. ಅಮ್ಮನನ್ನು ಗಟ್ಟಿ ಸ್ಟೂಲಿನ ಮೇಲೆ ಕೂರಿಸಿ, ನನ್ನನ್ನು ಹಿಡಿದುಕೊಳ್ಳಲು ಹೇಳಿ, ಸೊಂಟದ ಎರಡೂ ಪಕ್ಕ ಒಂದೊಂದು ದಪ್ಪ ಪುಸ್ತಕ ನಿಲ್ಲಿಸಿದಳು. ಪುಸ್ತಕದಿಂದ ಪುಸ್ತಕಕ್ಕೆ ಹದಿನಾಲ್ಕೂವರೆ ಇಂಚು. ಅದಕ್ಕೆ ಒಂದು ಇಂಚು, ಜಾಸ್ತಿ ಅಂದರೆ ಒಂದೂವರೆ ಸೇರಿಸಿದರೆ ಸೀಟಿನ ಅಗಲ. ಅಂದರೆ 16. ಆಮೇಲೆ ಬೆನ್ನಿನಿಂದ ಮಂಡಿಯ ಹಿಂಭಾಗದವರೆಗೆ ಅಳೆದಳು. ಸೀಟಿನ ಅಂಚಿಗೂ ಮಂಡಿಗೂ ನಡುವೆ ಎರಡು ಬೆರಳು ಜಾಗ ಇರಬೇಕು. ಇಲ್ಲದಿದ್ದರೆ ಅಂಚು ಕಾಲಿಗೆ ಒತ್ತಿ ಮನುಷ್ಯ ಮುಂದಕ್ಕೆ ಜಾರುತ್ತಾನೆ. ಕೊನೆಗೆ ಮಂಡಿಯಿಂದ ಹಿಮ್ಮಡಿ. ನನ್ನ ಬ್ಲೌಸ್ ಪುಸ್ತಕದ ಒಂದು ಹಾಳೆಯಲ್ಲೇ ಬರೆದುಕೊಂಡೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಬಡ ದೇಶಗಳಲ್ಲಿ ವೀಲ್‌ಚೇರ್ ಹೇಗೆ ಕೊಡಬೇಕು ಅಂತ ಎಂಟು ಹಂತ ಬರೆದಿಟ್ಟಿದೆಯಂತೆ. ಆ ಮನುಷ್ಯನನ್ನು ನೋಡುವುದು, ಕುರ್ಚಿ ಆರಿಸುವುದು, ಅವರಿಗೆ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೂ ವಿಚಾರಿಸುವುದು, ಹೀಗೆ. ನಮಗೆ ಆದದ್ದು ಕುರ್ಚಿ ಕೈಗೆ ಬಂದದ್ದು ಮಾತ್ರ. ಬೆಂಗಳೂರಿನಲ್ಲಿ ಎಪಿಡಿ, ಮೊಬಿಲಿಟಿ ಇಂಡಿಯಾ ತರಹದ ಸಂಸ್ಥೆಗಳು ಜನರನ್ನು ನೋಡಿ ಕುರ್ಚಿ ಹೊಂದಿಸಿ ಕೊಡುತ್ತವೆ ಅಂತಲೂ ಹೇಳಿದಳು. ಆ ಸ್ಥಿತಿಯಲ್ಲಿ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವುದು ಆಗದ ಮಾತು.

ಕುರ್ಚಿ ತಗೊಂಡು ವಾಪಸ್ ಹೋದೆ. ಸಿಟ್ಟು ನೆತ್ತಿಗೇರಿತ್ತು. ಕೌಂಟರಿನಲ್ಲಿದ್ದ ಹುಡುಗ "ಎಲ್ಲಾ ಒಂದೇ ಸೈಜ್ ಅಲ್ವಾ ಅಕ್ಕಾ?" ಅಂದ. ಬ್ಲೌಸ್ ಪುಸ್ತಕ ತೆಗೆದು ಅವನ ಮುಂದೆ ಇಟ್ಟೆ. ಜೋರಾಗಿಯೇ ಮಾತಾಡಿದೆ. ಒಳಗಿದ್ದ ವಯಸ್ಸಾದ ಒಬ್ಬರು ಎದ್ದು ಬಂದು ಸುಮ್ಮನೆ ಕೇಳಿಸಿಕೊಂಡರು. "ಬಾಮ್ಮ, ಹುಡುಕೋಣ" ಅಂತ ಹಿಂದಿನ ಗೋಡೌನಿಗೆ ಕರೆದುಕೊಂಡು ಹೋದರು. ಅರ್ಧ ಗಂಟೆ ಇಬ್ಬರೂ ಒಂದೊಂದೇ ಕುರ್ಚಿ ಬಿಡಿಸಿ ಟೇಪು ಹಿಡಿದೆವು. ಮೂಲೆಯಲ್ಲಿ, ತುಕ್ಕು ಹಿಡಿದ ಕಮೋಡ್ ಕುರ್ಚಿಗಳ ಹಿಂದೆ, 16 ಇಂಚಿನದು ಒಂದೇ ಒಂದು ಸಿಕ್ಕಿತು.

ಅದಕ್ಕೊಂದು ಚೀಟಿ ಕಟ್ಟಿತ್ತು: "ಎಡ ಫುಟ್‌ರೆಸ್ಟ್ ಇಲ್ಲ." ಅಂದರೆ ಎಡ ಪಾದ ಇಡುವ ಹಲಗೆ ಇಲ್ಲ. ಅವರಿಗೆ ಬೇಜಾರಾಯಿತು. "ಇದನ್ನ ಯಾರೂ ಒಯ್ಯಲ್ಲಮ್ಮ, ಅರೆಬರೆ ಇದೆ. ಸೀಟೂ ಯಾಕೋ ತಗ್ಗು" ಅಂದರು. ನನಗೆ ಬಾತ್ರೂಮಿನ ಬಾಗಿಲು ದಾಟಿದರೆ ಸಾಕಾಗಿತ್ತು. ಗಾಲಿ ಸೇರಿ 23 ಇಂಚು. ಅದನ್ನೇ ಮನೆಗೆ ತಂದೆ.

ಈಗ ನಾನು ಎಲ್ಲರಿಗೂ ಹೇಳುವ ಭಾಗ. ಫಿಸಿಯೋ ಹುಡುಗಿ ಬಂದವಳು ಕುರ್ಚಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ದೊಡ್ಡ ಗಾಲಿಯ ಪಕ್ಕದಲ್ಲಿ ಕೈಯಿಂದ ತಳ್ಳಲು ಒಂದು ಬಳೆ ಇರುತ್ತದಲ್ಲ, ಅದನ್ನು ನೋಡಿ ಅಂತ ತೋರಿಸಿದಳು. ಎಡಗಡೆ ಬಳೆಯ ಬಣ್ಣ ಪೂರ್ತಿ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಬಲಗಡೆಯದರ ಮೇಲೆ ಒಂದು ಗೀರೂ ಇರಲಿಲ್ಲ. ಗಾಲಿಗಳನ್ನು ಒಂದೊಂದು ತೂತು ಮೇಲಕ್ಕೆ ಹಾಕಿ ಸೀಟು ತಗ್ಗಿಸಿದ್ದರು, ಹಳೇ ತೂತಿನ ಸುತ್ತ ನಟ್ಟಿನ ಗುರುತು ಹಾಗೇ ಇತ್ತು. "ಅಕ್ಕಾ, ಈ ಫುಟ್‌ರೆಸ್ಟ್ ಕಳೆದುಹೋಗಿಲ್ಲ. ಬೇಕು ಅಂತಲೇ ತೆಗೆದಿದ್ದಾರೆ. ಇದರಲ್ಲಿ ಕೂತಿದ್ದವರಿಗೂ ಬಲಗಡೆಯೇ ಹೋಗಿತ್ತು" ಅಂದಳು.

ಲಕ್ವ ಹೊಡೆದವರು ಒಂದೇ ಕೈಯಲ್ಲಿ ತಳ್ಳಿದರೆ ಕುರ್ಚಿ ಗುಂಡಗೆ ಸುತ್ತುತ್ತದೆ. ಶಕ್ತಿ ಇರುವ ಕಾಲು ನೆಲಕ್ಕೆ ತಾಗಿದರೆ, ಕೈ ತಳ್ಳುತ್ತದೆ, ಕಾಲು ದಾರಿ ಹಿಡಿಯುತ್ತದೆ. ಅದಕ್ಕೆ ಆ ಕಡೆ ಫುಟ್‌ರೆಸ್ಟ್ ಇರಬಾರದು, ಸೀಟು ತಗ್ಗಾಗಿರಬೇಕು, ಹಿಮ್ಮಡಿ ಪೂರ್ತಿ ಊರಬೇಕು. ಆ ಅರೆಬರೆ ಕುರ್ಚಿಯಲ್ಲಿ ಎಲ್ಲವೂ ತಯಾರಾಗಿ ಇತ್ತು. ಅಮ್ಮನ ಹಾಗೇ ಇದ್ದ ಯಾರಿಗೋ ಬೇರೆ ಯಾರೋ ಪ್ರೀತಿಯಿಂದ ಹೊಂದಿಸಿದ್ದು. ಅವರ ಹೆಸರೂ ಗೊತ್ತಿಲ್ಲ. ಆ ಸವೆದ ಜಾಗದ ಮೇಲೆ ಕೈ ಇಟ್ಟು ನಾನು ಅತ್ತಿದ್ದೇನೆ.

ಮೊದಲ ವಾರ ಅಮ್ಮ ನಡುಮನೆಯಲ್ಲಿ ಎರಡಡಿ ಹೋಗುತ್ತಿದ್ದರು, ಸುಸ್ತಾಗಿ ನಿಲ್ಲುತ್ತಿದ್ದರು. ರೆಡ್ ಆಕ್ಸೈಡ್ ನೆಲ ನುಣುಪು, ಅದು ಒಳ್ಳೆಯದಾಯಿತು. ಹೊಸ್ತಿಲಿಗೆ ಎರಡೂ ಕಡೆ ಹಲಗೆಯ ಇಳಿಜಾರು ಮಾಡಿಸಿದೆವು. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬಿಡಿ ಅಂತ ಬಡಗಿಗೆ ಅವಳೇ ಲೆಕ್ಕ ಹೇಳಿದಳು. ಬಲಗಡೆ ಬ್ರೇಕು ಎಡಗೈಗೆ ಎಟುಕುತ್ತಿರಲಿಲ್ಲ. ಬ್ರೇಕಿನ ಹಿಡಿಗೆ ಒಂದಡಿ ಪಿವಿಸಿ ಪೈಪು ತೂರಿಸಿದೆವು, ಈಗ ಎಟುಕುತ್ತದೆ.

ಒಂದು ಸಂಜೆ ನಾನು ಮಷೀನಿನ ಮೇಲೆ ಬಗ್ಗಿದ್ದೆ. ರಸ್ತೆಯಲ್ಲಿ ಹೂವಿನವರ ಕೂಗು ಕೇಳಿತು. ನಲವತ್ತು ವರ್ಷದಿಂದ ಅಮ್ಮ ದಿನಾ ಒಂದು ಮೊಳ ಮಲ್ಲಿಗೆ ತಗೊಳ್ಳುತ್ತಿದ್ದರು. ಲಕ್ವ ಆದ ಮೇಲೆ ಅದು ನಿಂತೇ ಹೋಗಿತ್ತು. ನನಗೂ ಮರೆತಿತ್ತು. ಹಿಂದಿನಿಂದ ಗಾಲಿಯ ಸದ್ದು ಬಂತು. ತಿರುಗಿ ನೋಡಿದರೆ ಅಮ್ಮ ಹಲಗೆ ಹತ್ತಿ, ಇಳಿದು, ಮುಂಬಾಗಿಲಿಗೆ ಹೋಗಿ ನಿಂತಿದ್ದಾರೆ. ಎಡ ಮೊಣಕೈ ಮುಂದಕ್ಕೆ ಚಾಚಿದ್ದಾರೆ. ಹೂವಿನವರು ಆ ಮೊಣಕೈಗೇ ಹೂ ಹಿಡಿದು ಬೆರಳ ತುದಿಯವರೆಗೆ ಅಳೆದು ಕೊಟ್ಟರು. ಅಮ್ಮ ಎರಡು ತಿಂಗಳಿಂದ "ಅದು... ಅದು..." ಅಂತ ಸಂಜೆ ಹೊತ್ತು ಯಾಕೆ ಒದ್ದಾಡುತ್ತಿದ್ದರು ಅಂತ ನನಗೆ ಆವತ್ತು ಗೊತ್ತಾಯಿತು.

ಆಮೇಲೆ ಅದು ದಿನದ ಕ್ರಮವಾಯಿತು. ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬರುತ್ತಾರೆ, ಗ್ಯಾಸಿನ ಕಡೆ ಬೆರಳು ತೋರಿಸುತ್ತಾರೆ. ಅವರೆಕಾಯಿ ಕಾಲದಲ್ಲಿ ಮೊರ ತೊಡೆಯ ಮೇಲಿಟ್ಟು ಎಡಗೈಯೊಂದರಲ್ಲೇ ಬಿಡಿಸಿದರು. ಒಂದು ಸೇರು ಕಾಳಿಗೆ ಇಡೀ ಮಧ್ಯಾಹ್ನ ಹಿಡಿಯಿತು, ಆದರೂ ಯಾರಿಗೂ ಮುಟ್ಟಲು ಬಿಡಲಿಲ್ಲ.

ಭಾನುವಾರ ನನ್ನ ಸರದಿ. ಮುಂದಿನ ಸಣ್ಣ ಗಾಲಿಗಳ ಅಚ್ಚಿಗೆ ಕೂದಲು, ದಾರ ಸುತ್ತಿಕೊಳ್ಳುತ್ತವೆ. ಹೊಲಿಗೆ ಮನೆ ಆದ್ದರಿಂದ ದಾರವೇ ಜಾಸ್ತಿ. ಬ್ಲೇಡಿನಿಂದ ಕತ್ತರಿಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಮಷೀನ್ ಎಣ್ಣೆ ಎರಡೇ ಹನಿ ಬಿಡುತ್ತೇನೆ. ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಇಲ್ಲೂ ಸೀಟು ಜಗ್ಗಿತ್ತು. ಅಳತೆಗೆ ಪ್ಲೈವುಡ್ ಕತ್ತರಿಸಿ ಹಾಕಿ, ಮೇಲೆ 2 ಇಂಚಿನ ಗಟ್ಟಿ ಫೋಮ್ ಇಟ್ಟೆ. 3 ಇಂಚಿನದು ಇಟ್ಟರೆ ಹಿಮ್ಮಡಿ ಊರಲ್ಲ. ಹತ್ತಿ ಬಟ್ಟೆಯ ಎರಡು ಕವರ್ ಹೊಲಿದಿದ್ದೇನೆ, ಒಂದು ಒಗೆಯಲು, ಒಂದು ಹಾಕಲು. ಫೋಮ್ ಇದ್ದರೂ ಅರ್ಧ ಗಂಟೆಗೊಮ್ಮೆ ಅಮ್ಮ ಒಂದೊಂದು ಪಕ್ಕಕ್ಕೆ ವಾಲಿ ಭಾರ ಬದಲಿಸಲೇಬೇಕು. ಆ ಕೆಂಪು ಕಲೆ ಹುಣ್ಣಾಗದೆ ಹೋಯಿತು.

ಟ್ರಸ್ಟ್ ಮೇಲೆ ಈಗ ಸಿಟ್ಟಿಲ್ಲ, ಆದರೆ ದೂರು ಇದೆ. ಕುಶನ್ ಎರವಲು ಕೊಡದೇ ಇರುವುದು ಸರಿ, ಅದು ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸುವಂಥದ್ದಲ್ಲ. ಆದರೆ ಕುಶನ್ ಬೇಕೇ ಬೇಕು ಅಂತ ಬಾಯಿಬಿಟ್ಟು ಹೇಳಬೇಕಲ್ಲ? ನನ್ನ ಚಿಕ್ಕಪ್ಪನ ಮಗಳು ನಾರ್ವೆಯಲ್ಲಿ ನರ್ಸ್. ಅಲ್ಲೂ ವೀಲ್‌ಚೇರ್ ಎರವಲೇ, ಸರ್ಕಾರದ ಕೇಂದ್ರಗಳೇ ಕೊಡುತ್ತವೆ. ಕೆಲಸ ಮುಗಿದ ಮೇಲೆ ವಾಪಸ್ ಹೋಗಿ, ತೊಳೆದು ರಿಪೇರಿಯಾಗಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ಆದರೆ ಮೊದಲು ತಿಳಿದವರು ಬಂದು ಮನುಷ್ಯನನ್ನೂ ಮನೆಯನ್ನೂ ನೋಡುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ನಾಳೆಯೇ ಆಗಲಿ ಅಂತ ನಾನು ಕೇಳಲ್ಲ. ಕೌಂಟರಿನ ಮೇಲೆ 20 ರೂಪಾಯಿಯ ಒಂದು ಟೇಪು, ಎರಡು ದಪ್ಪ ಪುಸ್ತಕ. ಇದನ್ನು ಆ ಹಿರಿಯರಿಗೆ ಹೇಳಿದೆ. ಹೋದ ತಿಂಗಳು ಬಾಡಿಗೆ ಕಟ್ಟಲು ಹೋದಾಗ ಟೇಪು ಮೊಳೆಗೆ ನೇತು ಹಾಕಿತ್ತು.

ಅಮ್ಮ ಈಗ ಮನೆಯೊಳಗೆ ನಾಲ್ಕು ಕಾಲಿನ ಕೋಲು ಹಿಡಿದು ಸ್ವಲ್ಪ ನಡೆಯುತ್ತಾರೆ. ಸಂಜೆಗೆ ಕಾಲು ಸೋಲುತ್ತದೆ, ಆಗ ಕುರ್ಚಿ ಬೇಕು. ಇನ್ನು ಆರು ತಿಂಗಳಿಗೆ ಮುಂದುವರಿಸಿದ್ದೇನೆ. ಆ ಹಳೇ ಚೀಟಿ ಕಿತ್ತು ಹಾಕಿ, ಕ್ಯಾನ್ವಾಸ್ ಬಟ್ಟೆಯ ತುಂಡಿನ ಮೇಲೆ ದಾರದಲ್ಲೇ ಅಕ್ಷರ ಹೊಲಿದು ಬೆನ್ನಿನ ಹಿಂದೆ ಜೋಡಿಸಿದ್ದೇನೆ: "ಸೀಟು 16. ಬಾಗಿಲು 24 ಇದ್ದರೆ ಸಾಕು. ಬಲಗಡೆ ಬಿದ್ದವರಿಗೆ. ಎಡ ಫುಟ್‌ರೆಸ್ಟ್ ಹಾಕಿಸಬೇಡಿ."